ಅತ್ತೆಯ ಕೈಯ ಕ್ರಾಪು

ಯುಸೇಬಿಯೊ ಲುಸೆರೊನ ತಲೆಗೆ ಕ್ರಾಪು ಹೊಡೆಯುವ ಹಕ್ಕು ತನ್ನದೇ ಎಂದು ಅವನ ಅತ್ತೆ ದೋನ್ಯ ಪೆತ್ರಾ ಮದುವೆಯ ದಿನವೇ ತೀರ್ಮಾನಿಸಿಬಿಟ್ಟಿದ್ದರು. ಆಸ್ಪತ್ರೆಗೆ ಹೋಗಬೇಕಿದ್ದ ದಿನ ಬೆಳಿಗ್ಗೆಯೂ ಅಮೆರಿಕದ ಅಲ್ಬುಕರ್ಕಿಯ ಚಳಿಯಲ್ಲಿ ಅಳಿಯನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಎಡಗಡೆ ಜಾಸ್ತಿ ಹೋಯಿತೆಂದು ಬಲಗಡೆ ಕತ್ತರಿಸಿದರು. ಬಲಗಡೆ ಜಾಸ್ತಿ ಹೋಯಿತೆಂದು ಮತ್ತೆ ಎಡಗಡೆಗೆ ಬಂದರು. ಎರಡೂ ಕಡೆಗೆ ನ್ಯಾಯ ಒದಗಿಸುವಷ್ಟರಲ್ಲಿ ತಲೆಯ ಮೇಲೆ ಉಳಿದದ್ದು ಹಲ್ಲುಜ್ಜುವ ಬ್ರಷ್ಷಿನಷ್ಟು ಕೂದಲು.

"ಏನ್ ಮಾಡಿದ್ರಿ ಅತ್ತೆ? ಮಿಲಿಟರಿಯವನ ಥರ ಕಾಣ್ತೀನಲ್ಲ!"

"ಕಾಣ್ಲಿ ಬಿಡಿ. ಒಂದ್ ದಿನನಾದ್ರೂ ಗಂಡಸಿನ ಥರ ಕಾಣ್ತೀರಿ."

ಹೆಂಡತಿ ಡೆಲ್ಫಿನಾ ನಗು ತಡೆದುಕೊಂಡು ತನ್ನ ಅಣ್ಣನ ಕರಿ ಸೂಟು ತಂದುಕೊಟ್ಟಳು. ಯುಸೇಬಿಯೊ ಶಾಲೆಯ ಬಸ್ಸಿನ ಡ್ರೈವರು. ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ದೇಹ ತೋರಿಸಿ, ಸಂಜೆಯೊಳಗೆ ಸರ್ಟಿಫಿಕೇಟು ಆಫೀಸು ಸೇರುವಂತೆ ನೋಡಿಕೊಳ್ಳಬೇಕು. ಸೇರದಿದ್ದರೆ ಬಸ್ಸಿಲ್ಲ, ಸಂಬಳವಿಲ್ಲ.

ಈ ಸಲ ಇನ್ನೊಂದು ತಾಪತ್ರಯ ಸೇರಿಕೊಂಡಿತ್ತು. ಸಾಂಡಿಯಾ ಬೆಟ್ಟದ ದಾರಿಯ ಡ್ರೈವರು ಹಿಂದಿನ ವಾರ ಬೀಗದಕೈ ಮೇಜಿನ ಮೇಲೆ ಎಸೆದು ಹೋಗಿದ್ದ. ಆ ದಾರಿಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಯಾರ ಸರ್ಟಿಫಿಕೇಟು ಎಲ್ಲರಿಗಿಂತ ಚೆನ್ನಾಗಿದೆಯೋ ಅವನನ್ನೇ ಬೆಟ್ಟ ಹತ್ತಿಸುತ್ತೇನೆ ಎಂದು ಸಾಹೇಬ ಹ್ಯಾಸ್ಕೆಲ್ ಸಾರಿಬಿಟ್ಟಿದ್ದ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೂ ಯುಸೇಬಿಯೊನಿಗೆ ತಲೆ ಸುತ್ತುತ್ತಿತ್ತು. ಹೀಗಾಗಿ ಅವನು ಪಾಸಾಗಲೇಬೇಕಿತ್ತು, ಆದರೆ ಜಾಸ್ತಿ ಪಾಸಾಗಬಾರದಿತ್ತು.

ಜೊತೆಯ ಡ್ರೈವರು ಕ್ಲೆಟೊ ಅಪೊದಾಕ ಅವನನ್ನು ಆಸ್ಪತ್ರೆಯ ಪಕ್ಕದ ಬಾಗಿಲವರೆಗೆ ಬಿಟ್ಟು, ಕೇಳದೆಯೇ ಬುದ್ಧಿ ಹೇಳಿದ. "ನೋಡೋ, ಹೇಳಿದ್ದು ಮಾಡು, ಬಾಯಿ ಬಿಡ್ಬೇಡ. ಏನಾದ್ರೂ ಕೇಳಿದ್ಯೋ, ನರ ವೀಕು ಅಂತ ಬರ್ದುಬಿಡ್ತಾರೆ."

ಒಳಗೆ ಕಾಲಿಟ್ಟ ಕೂಡಲೇ ನರ್ಸೊಬ್ಬಳು ಅವನ ಕ್ರಾಪು ನೋಡಿದಳು, ಸೂಟು ನೋಡಿದಳು, ಬಿಗಿದ ತುಟಿಯನ್ನೂ ನೋಡಿದಳು.

"ಬಂದ್ರಾ? ಉಳಿದವ್ರೆಲ್ಲ ಆಗ್ಲೇ ಶುರು ಮಾಡಿದ್ದಾರೆ. ಹೆಸರು ಹೇಳ್ಬೇಡಿ ಸಾರ್, ಇಲ್ಲಿ ಯಾರಿಗೂ ಹೆಸರಿಲ್ಲ. ಈ ಬಿಲ್ಲೆ ಹಾಕ್ಕೊಳ್ಳಿ."

ಅವನು ಬಾಯಿ ಬಿಡಲಿಲ್ಲ. ಬಿಲ್ಲೆಯ ಜೊತೆಗೆ ಅವಳು ಒಂದು ದೊಡ್ಡ ಗಾಜಿನ ಹೂಜಿ ಕೊಟ್ಟು, ಇವತ್ತಿಡೀ ಮೂತ್ರ ಇದರಲ್ಲೇ, ಎಲ್ಲಿ ಹೋದರೂ ಕೈಯಲ್ಲೇ ಇರಬೇಕು ಎಂದಳು. ಬೆಟ್ಟದ ದಾರಿಯಲ್ಲಿ ಬಸ್ಸು ನಿಲ್ಲಿಸಲು ಜಾಗವಿಲ್ಲವೆಂಬುದು ಯುಸೇಬಿಯೊನಿಗೆ ತಟ್ಟನೆ ಹೊಳೆಯಿತು. ಇದು ಬೆಟ್ಟದ ಪರೀಕ್ಷೆ!

ಮೊದಲು ಎನಿಮಾ ಕೊಟ್ಟರು. ಕಾರಣ ಕೇಳುವ ಧೈರ್ಯವಿರಲಿಲ್ಲ, ಕೇಳುವ ಸ್ಥಿತಿಯೂ ಇರಲಿಲ್ಲ. ಆಮೇಲೆ ಕಿವಿಗೆ ಮಂಜಿನಂಥ ನೀರು ಬಿಟ್ಟರು. ಗೋಡೆ, ಡಾಕ್ಟರು, ಹೂಜಿ ಎಲ್ಲವೂ ಒಟ್ಟಿಗೆ ತಿರುಗಿದವು. ನಿಲ್ಲಿಸು ಎನ್ನುವವರೆಗೆ ಸೈಕಲ್ಲು ತುಳಿಸಿದರು. ನಿಲ್ಲಿಸಿ ಎಂದು ಕೇಳಿದರೆ ನರ ವೀಕಾಗುತ್ತದಲ್ಲ ಎಂದು ಅವನು ಹಲ್ಲುಕಚ್ಚಿ ತುಳಿದೇ ತುಳಿದ. ಅವನ ಹಿಂದಿದ್ದ ಮಿಲಿಟರಿ ಕ್ರಾಪಿನ ಇನ್ನೊಬ್ಬ ಅಷ್ಟರಲ್ಲಿ ಡಾಕ್ಟರರ ವಂಶವನ್ನೆಲ್ಲ ಉದ್ಧಾರ ಮಾಡುತ್ತಿದ್ದ.

ಶಬ್ದದ ಕೋಣೆಯಲ್ಲಿ ಮಾತ್ರ ಅವನಿಗೆ ನಿರಾಳವಾಯಿತು. ಕಿವಿ ಹರಿದುಹೋಗುವಂಥ ಕಿರುಚಾಟ ಹಾಕಿ, ಕೆಂಪು ದೀಪ ಹತ್ತಿದಾಗ ಗುಂಡಿ ಒತ್ತು ಎಂದರು. ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಜುಟ್ಟು ಹಿಡಿದುಕೊಂಡಿರುವಾಗ ಸಿಗ್ನಲ್ಲು ನೋಡಿ ಅಭ್ಯಾಸವಿದ್ದವನಿಗೆ ಅದೊಂದು ಲೆಕ್ಕವೇ? ಒಂದು ದೀಪವೂ ತಪ್ಪಲಿಲ್ಲ.

ಆಮೇಲೆ ಸದ್ದೂ ಬೆಳಕೂ ಇಲ್ಲದ ಕೋಣೆಗೆ ತಳ್ಳಿ ಬಾಗಿಲು ಹಾಕಿದರು. ಉಳಿದವರು ಅಲ್ಲಿ ಹಾಡಿದರಂತೆ, ಮಗ್ಗಿ ಒಪ್ಪಿಸಿದರಂತೆ, ಒಬ್ಬ ಗೋಡೆ ಗುದ್ದಿದನಂತೆ. ಮನೆಯಲ್ಲಿ ಐದು ಮಕ್ಕಳು, ಒಬ್ಬ ಅತ್ತೆ. ಯುಸೇಬಿಯೊ ಹೂಜಿಯನ್ನು ಜೋಪಾನವಾಗಿ ಮೂಲೆಗಿಟ್ಟು ಗೊರಕೆ ಹೊಡೆದ. ಬಾಗಿಲು ತೆರೆದಾಗ, "ಇಷ್ಟು ಬೇಗ ಆಯ್ತಾ?" ಎಂದು ಬೇಜಾರಿನಿಂದ ಎದ್ದುಬಂದ.

ಕೊನೆಗೆ ಮನಸ್ಸಿನ ಡಾಕ್ಟರು ಕೇಳಿದ. "ಇಕ್ಕಟ್ಟು ಜಾಗ, ವಿಪರೀತ ಗಲಾಟೆ, ಸಹಾಯಕ್ಕೆ ಒಂದು ನರಪಿಳ್ಳೆ ಇಲ್ಲ. ಏನನ್ಸುತ್ತೆ ನಿಮಗೆ?"

"ಅಭ್ಯಾಸ ಆಗಿದೆ ಡಾಕ್ಟ್ರೇ. ಯಾರೂ ವಾಂತಿ ಮಾಡ್ದೇ ಇದ್ರೆ ಸಾಕು."

ಆ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಹೊರಗೆ ಓಡಿದ. ಎಲ್ಲರಿಗೂ ಹಿರಿಯರಾದ ಡಾಕ್ಟರ್ ಪ್ರೆಂಟಿಸ್ ಬಂದು ಯುಸೇಬಿಯೊನ ಎರಡೂ ಕೈ ಹಿಡಿದು ಕುಲುಕಿದರು. ಅವನಿಗೆ ಅರ್ಥವಾಗಿಹೋಯಿತು. ಜಾಸ್ತಿ ಪಾಸಾಗಿಬಿಟ್ಟಿದ್ದೇನೆ!

"ಭೇಷ್! ನಿಮ್ಮಂಥವರನ್ನ ನಾವು ನೋಡೇ ಇಲ್ಲ. ಅಂದ ಹಾಗೆ, ಎಷ್ಟು ಎತ್ತರದವರೆಗೆ ಹೋಗಿದ್ದೀರಿ?"

ಈಗಲಾದರೂ ನಿಜ ಹೇಳಿ ಬೆಟ್ಟ ತಪ್ಪಿಸಿಕೊಳ್ಳೋಣವೆಂದು ಅವನು ಬಾಯಿ ಬಿಟ್ಟ. "ಸ್ಟೂಲು, ಸ್ವಾಮಿ. ಅದೂ ಹೆಂಡ್ತಿ ಹಿಡ್ಕೊಂಡಿದ್ರೆ."

ಪ್ರೆಂಟಿಸ್ ಗಹಗಹಿಸಿ ನಗುತ್ತಿರುವಾಗಲೇ ಬಾಗಿಲು ದಬ್ಬಿಕೊಂಡು ಒಬ್ಬ ಆಜಾನುಬಾಹು ಬಂದ. ಅದೇ ಕ್ರಾಪು, ಅಂಥದ್ದೇ ಸೂಟು. ಬಾಯಲ್ಲಿ ಕಡ್ಡಿ ಮಿಠಾಯಿ.

"ಇದೇನ್ರೀ ನಿಮ್ಮ ವ್ಯವಸ್ಥೆ? ಪಕ್ಕದ ಬಾಗಿಲಿಂದ ಬಾ, ಹೆಸರು ಹೇಳ್ಬೇಡ ಅಂದ್ರಿ. ಹಾಗೇ ಬಂದೆ. ಅಲ್ಲಿ ಯಾರೂ ಇರ್ಲಿಲ್ಲ, ಒಳಗೆ ಹೋದೆ. ಒಬ್ಬ ಮುದುಕ ಡಾಕ್ಟ್ರು 'ಬಾಪ್ಪಾ ಲುಸೆರೊ' ಅಂತ ಕರೆದ್ರು. ಗುಟ್ಟಿಗೆ ಇಟ್ಟ ಹೆಸರಿರ್ಬೇಕು ಅಂತ ಸುಮ್ನಿದ್ದೆ. ನಾಲಿಗೆ ನೋಡಿದ್ರು, ಎದೆ ತಟ್ಟಿದ್ರು, ಮಿಠಾಯಿ ಕೊಟ್ಟು ಹೋಗು ಅಂದ್ರು. ಆಗಿಂದ ಹೊರಗೆ ಕಾಯ್ತಾ ಇದ್ದೀನಿ. ಆಕಾಶಕ್ಕೆ ಹೋಗೋಕೆ ಇಷ್ಟೇ ಸಾಕಾ?"

ಪ್ರೆಂಟಿಸ್ ಒಂದು ಕ್ರಾಪಿನಿಂದ ಇನ್ನೊಂದು ಕ್ರಾಪಿಗೆ ಕಣ್ಣು ಹಾಯಿಸಿದರು.

"ಲುಸೆರೊ ನಾನು," ಎಂದ ಯುಸೇಬಿಯೊ ಮೆಲ್ಲಗೆ. "ಆಕಾಶಕ್ಕೆ ಅಂದ್ರೆ?"

ಪ್ರೆಂಟಿಸ್ ಕುಸಿದು ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದರು. ರಾಕೆಟ್ಟಿನ ತುದಿಯಲ್ಲಿ ಒಂದು ಡಬ್ಬಿ ಇಟ್ಟು, ಅದರೊಳಗೆ ಮನುಷ್ಯನನ್ನು ಕೂರಿಸಿ, ಕೆಳಗಿನಿಂದ ಬೆಂಕಿ ಹಚ್ಚುತ್ತಾರಂತೆ. ಅದಕ್ಕೆ ಮಿಲಿಟರಿ ವಿಮಾನ ಹಾರಿಸುವವರನ್ನು ಗುಟ್ಟಾಗಿ ಕರೆಸಿ ಸೋಸುತ್ತಿದ್ದಾರಂತೆ. ಕೇಳುತ್ತ ಕೇಳುತ್ತ ಯುಸೇಬಿಯೊ ಹೂಜಿಯನ್ನು ಎದೆಗವುಚಿಕೊಂಡು ಬಾಗಿಲ ಕಡೆಗೆ ಸರಿದ.

"ಅಂದ್ರೆ ಇದು ಬೆಟ್ಟದ ಪರೀಕ್ಷೆ ಅಲ್ವಾ?"

"ಯಾವ ಬೆಟ್ಟ?"

"ನನ್ನನ್ನ ಮೇಲಕ್ಕೆ ಕಳಿಸಲ್ಲ ತಾನೇ?"

"ಇಲ್ಲಪ್ಪ, ಇಲ್ಲ!"

ಯುಸೇಬಿಯೊ ಅಲ್ಲೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಕಣ್ಣಲ್ಲಿ ನೀರೇ ಬಂತು. ಪ್ರೆಂಟಿಸ್ ಮುದುಕ ಡಾಕ್ಟರಿಗೆ ಫೋನು ಮಾಡಿ ವಿಚಾರಿಸಿದರು: ಲುಸೆರೊನ ಸರ್ಟಿಫಿಕೇಟು ಬೆಳಿಗ್ಗೆಯೇ ಪಾಸಾಗಿ ಶಾಲೆಯ ಆಫೀಸಿಗೆ ಹೋಗಿತ್ತು. ಬಸ್ಸೂ ಉಳಿಯಿತು, ಜೀವವೂ ಉಳಿಯಿತು. ಅವನು ಆ ಪೈಲಟ್ಟನನ್ನು ತಬ್ಬಿಕೊಂಡೇಬಿಟ್ಟ. ಪೈಲಟ್ಟನ ಕಣ್ಣು ಮಾತ್ರ ನರ್ಸು ತರುತ್ತಿದ್ದ ಎನಿಮಾ ಡಬ್ಬದ ಮೇಲಿತ್ತು.

"ಒಂದು ಮಾತು," ಎಂದು ಪ್ರೆಂಟಿಸ್ ಬೈಬಲ್ಲು ಮುಂದೆ ಹಿಡಿದರು. "ಇವತ್ತು ಇಲ್ಲಿ ನಡೆದದ್ದು ಸರ್ಕಾರದ ಗುಟ್ಟು. ಹೆಂಡ್ತಿಗೂ ಹೇಳ್ಬಾರ್ದು, ಸಾಹೇಬನಿಗೂ ಹೇಳ್ಬಾರ್ದು. ಆಣೆ ಮಾಡಿ."

ಅದಕ್ಕೇನು ಮಹಾ ಎಂದು ಅವನು ಸಂತೋಷದಿಂದ ಆಣೆ ಮಾಡಿ, ಹೂಜಿ ಒಪ್ಪಿಸಿ, ಹಗುರವಾಗಿ ಮನೆಗೆ ಬಂದ. ಡೆಲ್ಫಿನಾ ಬಡಿಸಿದ ಹಸಿಮೆಣಸಿನಕಾಯಿ ಸಾರಿನಲ್ಲಿ ತೊರ್ತಿಯಾ ರೊಟ್ಟಿ ಅದ್ದಿ ಬಾಯಿಗಿಡುವಷ್ಟರಲ್ಲಿ ಫೋನು ಬಂತು. ಸಾಹೇಬ ಹ್ಯಾಸ್ಕೆಲ್.

"ಲುಸೆರೊ! ಕಳ್ಳ, ಇಷ್ಟು ದಿನ ಮುಚ್ಚಿಟ್ಟಿದ್ಯಲ್ಲೋ! ಡಾಕ್ಟ್ರು ಏನ್ ಬರ್ದಿದ್ದಾರೆ ಗೊತ್ತಾ? ಇಂಥ ಎದೆ, ಇಂಥ ಕಣ್ಣು, ಇಂಥ ದೇಹ ಹುಟ್ಟಿದಾಗಿನಿಂದ ನೋಡಿಲ್ವಂತೆ. ಎಲ್ಲಿಗೆ ಬೇಕಾದ್ರೂ ಕಳಿಸ್ಬಹುದಂತೆ! ಸೋಮವಾರದಿಂದ ಬೆಟ್ಟದ ಬಸ್ಸು ನಿಂದು. ನಿನ್ನ ಬಸ್ಸು ಕ್ಲೆಟೊಗೆ ಕೊಟ್ಟೆ."

"ಸಾಹೇಬ್ರೇ, ಅದು ನನ್ನ ದೇಹ..." ಎಂದವನು ಬೈಬಲ್ಲಿನ ಮೇಲಿಟ್ಟ ಕೈ ನೆನಪಾಗಿ ನಾಲಿಗೆ ಕಚ್ಚಿಕೊಂಡ.

"ನಿಂದೇ ಕಣಯ್ಯ, ಹೆಮ್ಮೆ ಪಡು!" ಎಂದು ಸಾಹೇಬ ಫೋನಿಟ್ಟ.

ವಿಷಯ ಕೇಳಿ ಡೆಲ್ಫಿನಾ ಕಣ್ಣರಳಿಸಿದಳು. ದೋನ್ಯ ಪೆತ್ರಾ ಅಳಿಯನ ತಲೆ ಸವರಿ, "ಎಲ್ಲ ನನ್ನ ಕ್ರಾಪಿನ ಪ್ರಭಾವ," ಎಂದರು. ಅದು ಎಷ್ಟು ನಿಜವೆಂದು ಹೇಳುವ ಹಾಗೂ ಇರಲಿಲ್ಲ.

ಯುಸೇಬಿಯೊ ಕಿಟಕಿಯಾಚೆ ಸಂಜೆಗೆ ಕೆಂಪಾಗುತ್ತಿದ್ದ ಸಾಂಡಿಯಾ ಬೆಟ್ಟವನ್ನು ನೋಡಿದ. ಆಮೇಲೆ ಅದರ ಮೇಲಿನ ಆಕಾಶವನ್ನು ನೋಡಿದ. ಅಲ್ಲಿಗಾದರೆ ಒಂದು ಸಲ ಹೋಗಿಬಂದರೆ ಮುಗಿಯುತ್ತಿತ್ತು. ಇದನ್ನು ದಿನಕ್ಕೆ ಎರಡು ಸಲ ಹತ್ತಬೇಕು, ಅದೂ ಮಕ್ಕಳನ್ನು ಕೂರಿಸಿಕೊಂಡು.