ಅತ್ತಿ ಹೊಲ, ಸಾಹೇಬ್ರ ಮೀಟರು

ಸರಕಾರಿ ನೌಕರ್ಯಾಗ ನಗೋವಂಥಾದ್ದು ಏನೂ ಆಗಂಗಿಲ್ಲ ಅಂತ ಯಾರರೆ ಹೇಳಿದ್ರ, ಅವ್ರು ಮಣ್ಣು ಹುಡುಕೋ ಕಂಪನ್ಯಾಗ ಕೆಲಸ ಮಾಡಿಲ್ಲ ಅಂತ ತಿಳಕೋರಿ. ನಮಗಂತೂ ದಿನಾ ಒಂದಿಲ್ಲೊಂದು ಇದ್ದದ್ದ.

ನಾ ಬೆಟಗೇರಿಯಾಂವ. ನೌಕರಿ ಒಂದು ಸರಕಾರಿ ಕಂಪನ್ಯಾಗ. ಕಡಲ ದಂಡಿ ಉಸುಕಿನಾಗಿಂದ ಅಪರೂಪದ ಖನಿಜ ತಗದು, ಸೋಸಿ, ಕಾರ್ಖಾನಿಗಳಿಗೆ ಕೊಡೋದು ಅದರ ಕೆಲಸ. ಕೈಯಾಗಿನ ಮೊಬೈಲಿಗೂ ಅದು ಬೇಕು, ಕರೆಂಟಿನ ಗಾಡಿಗೂ ಬೇಕು, ನಮ್ಮ ಗುಡ್ಡದ ಮ್ಯಾಲ ತಿರಗೋ ಗಾಳಿ ಪಂಕಾಕ್ಕೂ ಬೇಕಂತ. ಕಡಲ ದಂಡಿ ಅಷ್ಟ ಸಾಲಂಗಿಲ್ಲ, ಒಳಗಿನ ನಾಡಿನಾಗೂ ಹುಡುಕೂಣು ಅಂತ ಮ್ಯಾಲಿನವರಿಗೆ ಅನಿಸಿ, ಗದಗ ಸೀಮಿಗೆ ಒಂದು ತಂಡ ಕಳಿಸಿದ್ರು. ತಂಡ ಅಂದ್ರ ಭಾರಿ ಏನಲ್ಲ. ಮೈಸೂರು ಕಡೆಯವ್ರು ಒಬ್ಬ ಭೂವಿಜ್ಞಾನಿ ಸಾಹೇಬ್ರು, ಒಂದು ಹಳೇ ಜೀಪು, ಒಂದು ಮೀಟರು, ಮತ್ತ ನಾನು. ಸಾಹೇಬ್ರು ಮಣ್ಣಿನ ವಿಚಾರ ಮಾಡವ್ರು, ನಾ ಮಣ್ಣಿನ ಚೀಲ ಹೊರಾಂವ.

ಎಲ್ಲಾ ಬರೋಬ್ಬರಿ ಇತ್ತು, ಒಂದು ಬಿಟ್ಟು. ಸರ್ವೇ ಮಾಡೋ ಜಾಗಾದಾಗ ಮುಂಡರಗಿ ಕಡೆ ಇರೋ ನಮ್ಮ ಅತ್ತಿ ಹೊಲಾನೂ ಬಂದಿತ್ತು. ಅತ್ತಿ ಅಂದ್ರ ಬರೇ ಹೆಂಡ್ತಿ ತಾಯಿ ಅಲ್ರಿ, ನಮ್ಮ ಸೋದರಮಾವನ ಹೆಂಡ್ತಿನೂ ಹೌದು. ನಾ ಚಡ್ಡಿ ಹಾಕ್ಕೋಳಾಕ ಬರಲಾರದ ಕಾಲದಿಂದ ನನ್ನ ಬೈಕೋತ ಬಂದಾಕಿ. ಮಾವ ತೀರಿಕೊಂಡ ಮ್ಯಾಲ ಆ ಎರಿ ಹೊಲದಾಗ ಅಕಿ ಜೀವ ಇಟ್ಟಿದ್ಲು. ಸರ್ವೇ ಸುದ್ದಿ ಕೇಳಿದ ದಿನಾನ ನನ್ನ ಕರದು ಹೇಳಿದ್ಲು: “ಲೇ ತಮ್ಮಾ, ನನ್ನ ಹೊಲದಾಗ ಏನರೆ ಸಿಕ್ಕಿತು ಅಂತ ನಿಮ್ಮ ಕಂಪನಿ ಬಾಗಲಕ್ಕ ಬಂತಂದ್ರ, ಮೊದಲ ಒಂದು ತಗ್ಗು ತಗದು ನಿನ್ನ ಹುಗೀತೀನಿ. ಆಮ್ಯಾಲ ಅವ್ರು ಅಗೀಲಿ.”

ಅವತ್ತಿನಿಂದ ನನ್ನ ಹಣೇಬಾರ ನೋಡ್ರಿ. ಸಿಗಬೇಕು ಅಂತ ಪಗಾರ ತಗೋತಿದ್ದೆ, ಸಿಗಬಾರ್ದು ಅಂತ ದೇವರಿಗೆ ಕೈ ಮುಗೀತಿದ್ದೆ.

ಶಿರಹಟ್ಟಿ ಕಡೆ: ಮುಂಗಾರಿಗೋ ಹಿಂಗಾರಿಗೋ

ಮೊದಲ ಶಿರಹಟ್ಟಿ ಕಡೆ ಒಂದು ಊರಿಗೆ ಹೋದ್ವಿ. ಜೀಪು ನಿಂದ್ರಸೂದಕ್ಕ ಪುರಸೊತ್ತಿಲ್ಲ, ಮಣ್ಣು ಪರೀಕ್ಷಾ ಮಾಡವ್ರು ಬಂದಾರ ಅಂತ ಖಬರ ಹಬ್ಬಿತು. ರೈತರಿಗೆ ಮಣ್ಣು ಪರೀಕ್ಷಾ ಅಂದ್ರ ಗೊತ್ತಿರೋದು ಒಂದ: ಯಾವ ಬೆಳಿ ಹಾಕಬೇಕು, ಯಾವ ಗೊಬ್ಬರ ಹಾಕಬೇಕು. ಗುಡಿ ಕಟ್ಟಿ ಮುಂದ ಪಾಳಿ ಹಚ್ಚಿಬಿಟ್ರು. ಒಬ್ಬಾಂವ ಟವೆಲ್ಲಿನಾಗ ಮಣ್ಣು ಕಟಗೊಂಡು ಬಂದಿದ್ದ, ಒಬ್ಬಾಂವ ಊಟದ ಡಬ್ಬ್ಯಾಗ. ಇನ್ನೊಬ್ಬಾಂವ ಯಾರದೋ ಲಗ್ನದಾಗ ಕೊಟ್ಟ ಲಾಡು ಡಬ್ಬಿ ತುಂಬ ತಂದಿದ್ದ.

ಸಾಹೇಬ್ರು ಸಮಾಧಾನದ ಮನಷ್ಯಾ. ಎಲ್ಲಾರಿಗಿಂತ ಮುಂದಿದ್ದ ಹಿರ್ಯಾಗ ಬಿಡಿಸಿ ಹೇಳಿದ್ರು. “ಯಜಮಾನ್ರೇ, ಇದು ಆ ಪರೀಕ್ಷೆ ಅಲ್ಲ. ನಾವು ಹುಡುಕ್ತಿರೋದು ಲ್ಯಾಂಥನಂ, ಸೀರಿಯಂ, ನಿಯೋಡಿಮಿಯಂ. ಇಂಥವು.”

ಹಿರ್ಯಾ ತಲಿ ಅಲ್ಲಾಡಿಸಿ ಎಲ್ಲಾ ಕೇಳಿದ. ಆಮ್ಯಾಲ ಅಂದ: “ಆತ್ರಿ. ಅವನ್ನ ಮುಂಗಾರಿಗೆ ಹಾಕಬೇಕೋ, ಹಿಂಗಾರಿಗೋ?”

ಸಾಹೇಬ್ರು ಮೊಬೈಲ್ ತೋರಿಸಿದ್ರು, ಗಾಳಿ ಪಂಕಾ ತೋರಿಸಿದ್ರು, ನೆಲದ ಮ್ಯಾಲ ಕಡ್ಡಿಯಿಂದ ಚಿತ್ರ ಬರದು ತೋರಿಸಿದ್ರು. ಬಿಸಲು ನೆತ್ತಿಗೆ ಬಂತು, ಪಾಳಿ ಕರಗಲಿಲ್ಲ. ಕಡೀಕ ಸಾಹೇಬ್ರಿಗೆ ಸಾಕಾಗಿ ಹೋತು. “ಹಿಂಗಾರಿಗೆ ಕಡಲೆ ಹಾಕಿ ಯಜಮಾನ್ರೇ, ಹೋಗಿ” ಅಂದ್ರು.

ಹಿರ್ಯಾ ಖುಷಿಯಾಗಿ ಮಂದಿ ಕಡೆ ತಿರುಗಿದ. “ಕೇಳಿದ್ರಿಲ್ಲೋ? ನಾನೂ ಕಡ್ಲಿನ ಹಾಕಬೇಕಂತ ಮಾಡಿದ್ದೆ. ಸಾಹೇಬ್ರು ಖರೇನ ಶಾಣ್ಯಾರು ಅದಾರ!”

ಲಕ್ಷ್ಮೇಶ್ವರ: ಮೀಟರು ಹಿಡೀರಿ

ಮೀಟರಿನ ಮಾತು ಸ್ವಲ್ಪ ಹೇಳಬೇಕು. ನಾವು ಹುಡುಕೋ ಖನಿಜದ ಜೋಡಿ ಬಹಳ ಕಡೆ ಥೋರಿಯಂ ಅನ್ನೋದೂ ಇರತೈತಿ. ಅದು ಇದ್ದಲ್ಲೆ ಮೀಟರು ಟಿಕ್ ಟಿಕ್ ಟಿಕ್ ಅಂತ ಗಡಿಬಿಡಿ ಮಾಡತೈತಿ. ಏನೂ ಇಲ್ಲದಲ್ಲೆನೂ ಆಗೊಮ್ಮೆ ಈಗೊಮ್ಮೆ ಟಿಕ್ ಅಂತೈತಿ, ಅದಕ್ಕ ಅರ್ಥ ಏನೂ ಇಲ್ಲ.

ಲಕ್ಷ್ಮೇಶ್ವರದಾಗ ಒಂದು ಖೋಲಿ ಬಾಡಿಗಿ ಹಿಡದಿದ್ವಿ. ಒಂದಿನ ಕಟ್ಟಿ ಮ್ಯಾಲ ಕುಂತು ನಾ ಮೀಟರು ಒರಸಾಕ ಹತ್ತಿದ್ದೆ. ಬಾಜೂ ಮನಿ ಅಮ್ಮ, ವಯಸ್ಸಾದಾಕಿ, ಕುಂಟಕೋತ ಬಂದು ನನ್ನ ಮುಂದ ಕಾಲು ಚಾಚಿದ್ಲು. “ಎಪ್ಪಾ, ನನ್ನ ಮೊಣಕಾಲಿಗೆ ಸ್ವಲ್ಪ ಹಿಡಿ.”

“ಅಮ್ಮಾ, ಇದು ಮನಷ್ಯಾರಿಗೆ ಅಲ್ಲ, ಮಣ್ಣಿಗೆ ಹಿಡಿಯೂದು.”

“ನಾನೂ ಇನ್ನ ಎಷ್ಟು ದಿನಾ ಅದೀನಿ? ಮಣ್ಣು ಆಗಾಕಿನ. ಹಿಡಿ.”

ಹಿಡದೆ. ಮೀಟರು ತನ್ನ ಪಾಡಿಗೆ ತಾನು ಟಿಕ್ ಅಂತು. “ಹಾಂ! ಅಲ್ಲೇ ನೋಡು, ಬರೋಬ್ಬರಿ ಅಲ್ಲೇ ನೋವು!” ಅಂತ ಒದರಿದ್ಲು.

ಮರುದಿನ ಆ ಅಮ್ಮ ಸಂತಿಗೆ ನಡಕೋತ ಹೋಗಿ ಬಂದಾಳಂತ! ಮುಗೀತು. ಖೋಲಿ ಮುಂದ ಮೊಣಕಾಲು, ಹಿಮ್ಮಡ, ಕುತಗಿ ಎಲ್ಲಾ ಬಂದು ನಿಂತವು. ನಾನೂ ಒಬ್ಬೊಬ್ಬರಿಗೆ ಹಿಡಕೋತ ಹೋದೆ. ಸಾಹೇಬ್ರಿಗೆ ಸಿಟ್ಟು ಬಂತು. “ಏನ್ರೀ ಇದು? ಸರ್ಕಾರಿ ಉಪಕರಣ ಇದು, ಆಸ್ಪತ್ರೆ ಅಲ್ಲ! ಇದರಿಂದ ಯಾವ ನೋವೂ ಹೋಗಲ್ಲ. ಎಲ್ಲರನ್ನೂ ಕಳಿಸಿ!” ಅಂತ ನನ್ನ ಬೈದ್ರು. ನಾ ಎಲ್ಲಾರ್ನೂ ಕೈಮುಗದು ಸಾಗಹಾಕಿ, ಚಾ ತಗೊಂಡು ಒಳಗ ಹೋದೆ. ಸಾಹೇಬ್ರು ಗ್ವಾಡಿ ಕಡೆ ಮಾರಿ ಮಾಡಿ ಕುಂತು, ಮೀಟರು ತಮ್ಮ ಸೊಂಟಕ್ಕ ಹಿಡಕೊಂಡಿದ್ರು.

ಮುಂಡರಗಿ ಕಡೆ: ಗ್ವಾದಲಿ ಬೇಕಾಗಿತ್ತು

ಅಷ್ಟು ಮಂದಿ ಕೈ ಕಾಲು ನೋಡಿ ಮೀಟರು ಕೆಟ್ಟು ರಿಪೇರಿಗೆ ಹೋತು. ಹಿಂಗಾಗಿ ಮುಂಡರಗಿ ಕಡೆ ಬರೇ ಮಣ್ಣು ತುಂಬಿ ಲ್ಯಾಬಿಗೆ ಕಳಿಸಿದ್ವಿ. ಅದರಾಗ ಅತ್ತಿ ಹೊಲದ್ದೂ ಒಂದು ಚೀಲ ಇತ್ತು.

ಸ್ವಲ್ಪ ದಿನಕ್ಕ ಸಾಹೇಬ್ರಿಗೆ ಫೋನ್ ಬಂತು. ಮಾತಾಡಕೋತ ಎದ್ದು ನಿಂತ್ರು. “ಸಿಕ್ತು ಕಣ್ರೀ! ಒಂದು ಚೀಲದಲ್ಲಿ ಥೋರಿಯಂ ಸಿಕ್ಕಾಪಟ್ಟೆ ತೋರಿಸ್ತಿದೆ!” ಅಂತ ಆ ಚೀಲದ ನಂಬರು ಹೇಳಿದ್ರು.

ನಾ ಚಾದ ಕಪ್ಪು ಕೆಳಗಿಟ್ಟೆ. “ಅದು ನಮ್ಮ ಅತ್ತಿ ಹೊಲದ್ದು ರೀ.”

“ಹೌದಾ? ಎಂಥಾ ಅದೃಷ್ಟ ನಿಮ್ಮದು!” ಅಂತ ನನ್ನ ಕೈ ಹಿಡದು ಕುಲುಕಿದ್ರು. ಒಂದು ಚೀಲ ನಂಬಂಗಿಲ್ಲ, ಅದ ಹೊಲದಾಗ ಬ್ಯಾರೆ ಬ್ಯಾರೆ ಕಡೆ ಅಗದು ಇನ್ನೊಮ್ಮೆ ಕಳಿಸ್ರಿ ಅಂತ ಲ್ಯಾಬಿನವ್ರು ಹೇಳಿದ್ರು. ಅದೂ ಹಂಗ ಬಂದ್ರ ಮೊದಲ ಅಗಿಯೋ ಮಷೀನು ಬರ್ತಾವು, ಅದರ ಹಿಂದ ಜಮೀನು ಕೇಳವ್ರು ಬರ್ತಾರ.

ಮತ್ತ ಮಣ್ಣು ತಗದ್ವಿ. ಜರಡಿ ಹಿಡದು, ಚೀಲಕ್ಕ ನಂಬರು ಬರದು, ಅತ್ತಿ ಪಡಸಾಲ್ಯಾಗ ಇಟ್ವಿ. ಅಷ್ಟರಾಗ ಮಳಿ ಬಂತು. ಎರಿ ನೆಲದ ದಾರ್ಯಾಗ ಸಾಮಾನು ಹೇರಿದ ಜೀಪು ಹುಗದು ಹೋಗತೈತಿ ಅಂತ ಚೀಲ ಅಲ್ಲೇ ಬಿಟ್ಟು ನಾನು, ಸಾಹೇಬ್ರು ಮುಂಡರಗಿಗೆ ಬಂದು ಬಿದ್ಕೊಂಡ್ವಿ.

ಮರುದಿನ ಹೋಗಿ ನೋಡ್ತೀವಿ, ಪಡಸಾಲ್ಯಾಗ ಚೀಲ ಇಲ್ಲ! ದೇವರ ಜಗಲಿ ಮ್ಯಾಲ ಕರೀ ಮಣ್ಣಿನ ಎರಡು ಎತ್ತು ಜಬರ್ದಸ್ತ ನಿಂತಾವು. ಕೋಡಿಗೆ ಕುಸುಬಿ ಕಾಳು, ಕಣ್ಣಿಗೆ ಗುಲಗಂಜಿ. ಮುಂದ ಅವು ಮೇಯಾಕ ಮಣ್ಣಿನ ಗ್ವಾದಲಿ. ಹೊರಗ ಹಗ್ಗದ ಮ್ಯಾಲ ನಮ್ಮ ಚೀಲ ತೊಳದು ಒಣಾಕ ಹಾಕಿತ್ತು, ನಂಬರೆಲ್ಲಾ ಅಳಿಸಿ ಹೋಗಿತ್ತು. ಅವತ್ತು ಮಣ್ಣೆತ್ತಿನ ಅಮಾಸಿ ಅನ್ನೋದು ನನಗ ನೆಪ್ಪಿರಲಿಲ್ಲ.

“ಅತ್ತೀ! ಸಾಂಪಲ್ಲು!” ಅಂದೆ.

“ಯಾವ ಸಾಂಪಲ್ಲೋ? ನಮ್ಮ ಹೊಲದ ಮಣ್ಣು ತಾನಾಗಿ ಮನಿಗೆ ಬಂದು ಕುಂತೈತಿ, ಅಮಾಸಿ ದಿನ. ಅದನ್ನ ಬಿಟ್ಟು ಮಂದಿ ಹೊಲಕ್ಕ ಹೋಗಿ ಬೇಡ್ಲೇನ? ಅದೂ ಕಲ್ಲಿಲ್ಲ, ಕಸಾ ಇಲ್ಲ, ಹಿಟ್ಟಿನಂಗ ಜರಡಿ ಹಿಡದು ಇಟ್ಟಿ. ಅಳಿಯಾ ನನಗಂತನ ತಂದಾನ, ಈಗರೆ ಬುದ್ಧಿ ಬಂತು ಅಂತ ತಿಳದೆ.”

“ಹೊಳ್ಳಿ ಕೊಡು ಅತ್ತೀ, ನನ್ನ ನೌಕರಿ ಹೊಕ್ಕೈತಿ!”

“ಪೂಜಿ ಆಗೇತಿ. ಇನ್ನ ಅವು ನೀರಿಗೆ ಹೋಗೋವು, ನಿಮ್ಮ ಜೀಪಿಗಲ್ಲ.”

ನಾ ಹೆದರಕೋತ ಸಾಹೇಬ್ರ ಮಾರಿ ನೋಡಿದೆ. ಅವ್ರು ಬೂಟು ಕಳದು ಒಳಗ ಬಂದ್ರು, ಕೈ ಮುಗದ್ರು, ಕಣ್ಣಿನ ಚಾಳೀಸು ಏರಿಸಿ ಎತ್ತುಗಳನ್ನ ಹತ್ತರದಿಂದ ನೋಡಿದ್ರು. “ಅಮ್ಮಾ, ಈ ಎಡಗಡೆ ಎತ್ತು ಯಾವ ಚೀಲದ್ದು, ಬಲಗಡೆದು ಯಾವ ಚೀಲದ್ದು ಅಂತ ಏನಾದ್ರೂ ನೆನಪಿದೆಯಾ?”

“ಎತ್ತಿಗೆ ಎಲ್ಲಾ ಕೂಡಿಸಿ ನಾದೀನ್ರಿ. ಗ್ವಾದಲಿ ಒಂದ ಬ್ಯಾರೆ ಚೀಲದ್ದು.”

ಸಾಹೇಬ್ರಿಗೆ ಜೀವ ಬಂದಂಗಾತು. “ಹಾಗಾದ್ರೆ ಆ ಗೋದಲಿ ಒಂದನ್ನಾದ್ರೂ ಕೊಡ್ತೀರಾ?”

ಅತ್ತಿ ಅವರನ್ನ ಮ್ಯಾಲಿಂದ ಕೆಳಗ ನೋಡಿದ್ಲು. “ಮತ್ತ ಎತ್ತು ಎಲ್ಲೆ ಮೇಯಬೇಕ್ರಿ?”

ಕಡುಬು ತಿಂದು ಹೊಳ್ಳಿ ಬಂದ್ವಿ.

ಅತ್ತಿ ಹೊಲ: ಟಿಕ್ ಟಿಕ್ ಟಿಕ್

ಊರಾಗ ಸುದ್ದಿ ಹಬ್ಬಿತು. ಹೊಲ ಹೋತಂತ, ಕಂಪನ್ಯಾವ್ರು ಕಸಗೋತಾರಂತ ಅಂತ ಹೆಣ್ಮಕ್ಕಳು ಬಂದು ಅತ್ತಿ ಸುತ್ತಲೂ ಕುಂತು ಲೊಚ್ಚಗುಟ್ಟಿದ್ರು. ಅತ್ತಿ ನನ್ನ ಬೈಯೋದು ಬಿಟ್ಲು. ನನಗ ಹೆದರಿಕಿ ಆಗಿದ್ದು ಆವಾಗ. “ನಿಮ್ಮ ಮಾವ ಕೂರಿಗಿ ಹಿಡದ ಹೊಲ ತಮ್ಮಾ. ಅದರಾಗ ಅಡ್ಡಾಡಿದ್ರ ಅಂವ ಜೋಡಿ ಬಂದಂಗ ಅನಸ್ತೈತಿ” ಅಂದ್ಲು ಸಣ್ಣ ದನಿಲೆ.

ಮೀಟರು ರಿಪೇರಿ ಆಗಿ ಬಂತು. ಈ ಸಲ ಚೀಲ ಬ್ಯಾಡ, ಮೊದಲ ಹೊಲ ಪೂರ್ತಿ ನಡದು ನೋಡೂಣು ಅಂದ್ರು ಸಾಹೇಬ್ರು. ಮುಂದ ಸಾಹೇಬ್ರು, ಹಿಂದ ಗುದ್ದಲಿ ಹಿಡದ ನಾನು, ನನ್ನ ಹಿಂದ ಕುಡುಗೋಲು ಹಿಡದ ಅತ್ತಿ. ಆ ಕುಡುಗೋಲು ಯಾಕ ಅಂತ ಕೇಳೋ ಧೈರ್ಯ ಯಾರಿಗೂ ಇರಲಿಲ್ಲ. ಅರ್ಧ ಊರು ಬದುವಿನ ಮ್ಯಾಲ ನಿಂತಿತ್ತು.

ಹೊಲದ ನಡುವ ಮೀಟರು ಸುಮ್ಮನಿತ್ತು. ಆ ಕಡೆ ಬದುವಿಗೆ ಹೋದ್ವಿ, ಅಲ್ಲೂ ಗಪ್‌ಚಿಪ್. ನಾ ಮನಸಿನಾಗ ದೇವರಿಗೆ ಕಾಯಿ ಒಡಸಾಕ ಹತ್ತಿದ್ದೆ. ಮೂಲ್ಯಾಗಿನ ಬೇವಿನ ಗಿಡದ ಹತ್ತರ ಬಂದ್ವಿ ನೋಡ್ರಿ, ಟಿಕ್ ಟಿಕ್ ಟಿಕ್ ಟಿಕ್ ಅಂತ ಮೀಟರು ಹುಚ್ಚಾತು. ಮೊದಲಿನ ಚೀಲ ತುಂಬಿದ್ದೂ ಅಲ್ಲೇ.

“ಅಗೀರಿ” ಅಂದ್ರು ಸಾಹೇಬ್ರು. ಅಗದೆ. ಮೊಣಕಾಲುದ್ದ ಇಳಿಯೂದರಾಗ ಗುದ್ದಲಿ ಠಣ್ ಅಂತು. ಮಣ್ಣು ಸರಿಸಿದ್ರ ಜಂಗು ತಿಂದ ತಗಡಿನ ಟ್ರಂಕು!

ಬದುವಿನ ಮ್ಯಾಲಿನ ಮಂದಿ ಹೋ ಅಂತು. “ಬಂಗಾರ! ಬಂಗಾರ!” ಅತ್ತಿ ಕುಡುಗೋಲು ಬಿಸಾಕಿ ಎದಿ ಮ್ಯಾಲ ಕೈ ಇಟಗೊಂಡ್ಲು. “ಅಯ್ಯ ಇವನ! ಗಂಡಗ ಜೀವಮಾನ ಪೂರ್ತಿ ರೊಟ್ಟಿ ಬಡದು ಹಾಕಿದೆ, ನನ್ನ ಮುಂದ ಒಂದ ಮಾತು ಹೇಳಲಿಲ್ಲ ನೋಡ್ರಿ!”

ಸಾಹೇಬ್ರು ಕೈಗೆ ಗ್ಲೌಸ್ ಹಾಕ್ಕೊಂಡು ಮುಚ್ಚಳಾ ಎತ್ತಿದ್ರು. ಒಳಗ ಬಟ್ಟಿ ಜಾಳಿಗಿಯಂಥಾ ಸಣ್ಣ ಸಣ್ಣ ಚೀಲ, ಕಟ್ಟು ಕಟ್ಟು. ಅರ್ಧಕ್ಕರ್ಧ ಪುಡಿಯಾಗಿ, ಟ್ರಂಕಿನ ತಳಾ ತೂತು ಬಿದ್ದು, ಸುತ್ತಲಿನ ಮಣ್ಣಿನಾಗ ಕೂಡಿಕೊಂಡಿದ್ವು. ಅತ್ತಿ ಬಗ್ಗಿ ನೋಡಿದ್ಲು. “ಇವೇನ್ರಿ, ನಮ್ಮ ಮನಿಯವರ ಗ್ಯಾಸಬತ್ತಿ ಮ್ಯಾಂಟಲ್ಲು!”

ಆಗ ನನಗೂ ನೆಪ್ಪಾತು. ಮಾವ ಒಂದು ಕಾಲಕ್ಕ ಲಗ್ನಕ್ಕ, ಬಯಲಾಟಕ್ಕ ಗ್ಯಾಸಬತ್ತಿ ಬಾಡಿಗಿ ಕೊಡತಿದ್ದ. ಆ ಬತ್ತ್ಯಾಗ ಉರದು ಬೆಳಕು ಕೊಡೋ ಬಟ್ಟಿನ ಈ ಮ್ಯಾಂಟಲ್ಲು. ಜನರೇಟರ್ ಬಂದ ಮ್ಯಾಲ ಯಾರೂ ಕೇಳಲಿಲ್ಲ. “ಈ ಹಾಳು ಸಾಮಾನು ಮನ್ಯಾಗ ಇರಬಾರ್ದು” ಅಂತ ಅತ್ತಿ ಗಂಟು ಬಿದ್ದಾಗ ಬತ್ತಿ ಗುಜರಿಗೆ ಹಾಕಿದ. ಮ್ಯಾಂಟಲ್ ಮಾತ್ರ ಮುಂದ ಬೇಕಾಗ್ತಾವು ಅಂತ ಇಲ್ಲಿ ತಂದು ಹುಗದಾನ, ಪುಣ್ಯಾತ್ಮ.

ಸಾಹೇಬ್ರು ಬದುವಿನ ಮ್ಯಾಲ ಕುಂತು ನಗಾಕ ಹತ್ತಿದ್ರು. ಬಿಸಲಿಗೆ ಏನರೆ ಆತೇನೋ ಅಂತ ನಾ ನೀರು ಕೊಟ್ಟೆ. “ಅಲ್ಲ ಕಣ್ರೀ, ಹಳೇ ಮ್ಯಾಂಟಲ್‌ಗಳನ್ನ ಥೋರಿಯಂ ದ್ರಾವಣದಲ್ಲಿ ಅದ್ದಿ ಮಾಡ್ತಿದ್ರು. ಆ ಥೋರಿಯಂ ಎಲ್ಲಿಂದ ಬರ್ತಿತ್ತು ಗೊತ್ತಾ? ಕಡಲ ತೀರದ ಮರಳಿಂದ. ನಮ್ಮಂಥ ಕಂಪನಿಗಳೇ ತೆಗೆದು ಕೊಡ್ತಿದ್ದಿದ್ದು! ನಮ್ಮ ಮಾಲನ್ನ ನಾವೇ ಇಲ್ಲಿ ಬಂದು ಹುಡುಕಿದ್ದೀವಿ!”

ಟ್ರಂಕು, ಸುತ್ತಲಿನ ಮಣ್ಣು ಎಲ್ಲಾ ಜೋಪಾನದಿಂದ ದಪ್ಪ ಚೀಲಕ್ಕ ತುಂಬಿ ಜೀಪಿಗೆ ಹಾಕಿ, ಮತ್ತ ಮೀಟರು ಹಿಡದ್ವಿ. ಒಂದು ಸಲ ಟಿಕ್ ಅಂದು ಗಪ್ ಆತು.

“ಹಂಗಾರ ಹೊಲಾ?” ಅಂತ ಕೇಳಿದೆ.

“ಜೋಳಕ್ಕೆ ಚಿನ್ನದಂಥ ಹೊಲ. ನಮಗೆ ಏನೂ ಪ್ರಯೋಜನ ಇಲ್ಲ” ಅಂದ್ರು.

ಅಬ್ಬಾ! ಅಷ್ಟು ಹಗುರ ನನಗ ಜೀವಮಾನದಾಗ ಅನಿಸಿರಲಿಲ್ಲ. ಗುದ್ದಲಿ ಒಗದು ಬದುವಿನ ಮ್ಯಾಲ ಕುಂತುಬಿಟ್ಟೆ. ಮುಂದ ಲ್ಯಾಬಿನಿಂದನೂ ಅದ ಮಾತು ಬಂತು, ಹೊಲದಾಗ ಏನೂ ಇಲ್ಲ ಅಂತ. ಆದ್ರ ಅತ್ತಿ ಅಲ್ಲೀತನಕ ಎಲ್ಲಿ ಕಾಯ್ತಾಳ? ಸೆರಗಿನಿಂದ ಕಣ್ಣು ಒರಸ್ಕೊಂಡ್ಲು, ಬಿಸಾಕಿದ ಕುಡುಗೋಲು ಎತಗೊಂಡ್ಲು, ಸೀದಾ ಸಾಹೇಬ್ರ ಮುಂದ ಬಂದು ನಿಂತ್ಲು.

“ನಿಮ್ಮ ಕಂಪನಿ ಸಾಮಾನು ನಿಮಗ ಮುಟ್ಟೇತಿ, ಬರೋಬ್ಬರಿ ನೋಡ್ಕೊಂಡು ಒಯ್ರಿ. ಇಷ್ಟು ವರ್ಷ ನನ್ನ ಹೊಲಾ ಅದನ್ನ ಕಾದೈತಿ, ಅದರ ಬಾಡಿಗಿ ಯಾವಾಗ ಕೊಡ್ತೀರಿ?”