ಸಣ್ಯಾನ ಹಗ್ಗ ಬಿಚ್ಚಿದ ದಿನ

ನಾಯಿಮರಿಯ ಕೊರಳಿನ ಹಗ್ಗ ಬಿಚ್ಚಬೇಕು. ಅದು ನಾಲ್ಕು ಹೆಜ್ಜೆ ಓಡಾಡಬೇಕು. ಕರೆದಾಗ ತಿರುಗಿ ಬರಬೇಕು. ಇಷ್ಟೇ ಕೆಲಸ. ಇದರಲ್ಲಿ ಮನುಷ್ಯನ ಮಾನ ಹೋಗುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಕೇಳಿದ್ದೆ!

ಆಗ ಲಡಾಯಿಯ ಕಾಲ. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಕಡೆಗಿದ್ದ ಒಂದು ಸಣ್ಣ ಊರಿನಲ್ಲಿ ನಾನು ಟಪಾಲು ಹಂಚುವ ನೌಕರ. ಊರಿನ ಶಾಲೆಯ ಮಾಸ್ತರರೇ ಟಪಾಲು ಮಾಸ್ತರರೂ ಆಗಿದ್ದರು. ಶಾಲೆಯ ಮೂಲೆಯಲ್ಲೊಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೊಂದು ಮುದ್ರೆ, ಇದೇ ನಮ್ಮ ಕಚೇರಿ. ಅಲ್ಲಿಂದ ಚೀಲ ಹೊತ್ತು ಸುತ್ತಲಿನ ಹಳ್ಳಿಗಳಿಗೆ ನಡೆಯುವುದು ನನ್ನ ಪಾಲಿಗೆ ಬಂದ ಕೆಲಸ. ಕಾಲು ಗಟ್ಟಿಯಾಗಿದ್ದವು. ಖಾಕಿ ಕೋಟು ತೊಟ್ಟು ನಿಂತರೆ, ದೂರದಿಂದ ನೋಡಿದವರಿಗೆ ಫೌಜುದಾರರೇ ಬಂದರೇನೋ ಎಂಬ ಅನುಮಾನ ಬರುತ್ತಿತ್ತು. ಕೊರತೆ ಒಂದೇ. ನನಗೆ ನಾಯಿ ಎಂದರೆ ಭಯ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಳ್ಳಿಯ ಅಗಸಿ ಬಾಗಿಲು ಬಂದ ಕೂಡಲೆ ಅಲ್ಲಿಯ ಕಟ್ಟೆಯ ಮೇಲೆ ಕುಳಿತವರ ಕೈಗೆ ಕಾಗದಗಳನ್ನೆಲ್ಲ ಕೊಟ್ಟು, "ಬಿಸಿಲು ಭಾಳ ಅದ್ರಿ, ನೀವೇ ಮುಟ್ಟಿಸಿಬಿಡ್ರಿ" ಎಂದು ಹಿಂತಿರುಗುತ್ತಿದ್ದೆ. ಚಳಿಗಾಲದಲ್ಲೂ ಬಿಸಿಲೇ ಕಾರಣ!

ಹೀಗೆ ಸುಖವಾಗಿ ನಡೆದಿದ್ದ ನೌಕರಿಗೆ, ನದಿಯ ದಡದ ಹಳ್ಳಿಯಾದ ಗೂಗಲ್‌ನ ದ್ಯಾವಮ್ಮ ಕಲ್ಲು ಹಾಕಿದಳು. ಆಕೆಯ ಒಬ್ಬನೇ ಮಗ ಪಲ್ಟನ್ನಿನಲ್ಲಿದ್ದ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಅವನದೊಂದು ಕಾಗದ ಬರುತ್ತಿತ್ತು. ಆ ಮುದುಕಿ ಒಂದು ಮುಂಜಾನೆ ನಡೆದುಕೊಂಡೇ ನಮ್ಮೂರಿಗೆ ಬಂದು, ಪಾಠ ಹೇಳುತ್ತಿದ್ದ ಮಾಸ್ತರರ ಮುಂದೆ ನಿಂತಳು.

"ನನ್ನ ಮಗನ ಕಾಗದ ಮೂರು ದಿನ ಊರಾಗ ತಿರಗ್ಯದ್ರಿ. ಅವಗ ಜ್ವರ ಬಂದು ವಾಸಿ ಆದದ್ದು ಊರಿಗೆಲ್ಲಾ ಗೊತ್ತಾತು, ಹೆತ್ತಾಕಿಗಿ ಕಡೀಗಿ ಗೊತ್ತಾತು. ಈ ಯಪ್ಪಾ ನನ್ನ ಮನೀ ಮಟ ಯಾಕ ಬರಂಗಿಲ್ಲ, ಕೇಳ್ರಿ."

ಮಾಸ್ತರರು ನನ್ನ ಕಡೆ ನೋಡಿದರು. ನಾನು ಬಿಸಿಲಿನ ಕಡೆ ನೋಡಿದೆ.

"ಇನ್ನೊಂದು ಸಲ ಇಂಥ ಮಾತು ಬಂದ್ರ ದೇವದುರ್ಗಕ್ಕ ಬರೀತೀನಿ," ಎಂದರು ಮಾಸ್ತರರು. "ಅವರು ನಿನ್ನ ಕೋಟು ಬಿಚ್ಚಿಸಿಕೊಳ್ತಾರ. ಕಾಗದ ಅವರವರ ಕೈಯಾಗ ಕೊಡಬೇಕು. ತಿಳೀತೇನು?"

ತಿಳಿಯಿತು. ಆದರೆ ದ್ಯಾವಮ್ಮನ ಮನೆಯ ಮುಂದೆ ಕೆಂಚ ಎಂಬ ನಾಯಿ ಇತ್ತು. ಅದಕ್ಕೆ ಇದನ್ನು ತಿಳಿಸುವವರು ಯಾರು?

ನಮ್ಮ ಪಕ್ಕದ ಮನೆಯಲ್ಲಿ ಹುಸೇನಸಾಬರು ಎಂಬ ಹಿರಿಯರಿದ್ದರು. ರಾಯಚೂರಿನಲ್ಲಿ ಜಮಾದಾರರಾಗಿದ್ದು, ಪಿಂಚಣಿ ಪಡೆದು ಊರಿಗೆ ಬಂದವರು. ದೊಡ್ಡ ಸಾಹೇಬರ ಬಂಗಲೆಯಲ್ಲಿ ನಾಯಿಗಳನ್ನು ಹತ್ತಿರದಿಂದ ನೋಡಿದವರು. ಅವರ ಮುಂದೆ ಮಾತ್ರ ನನ್ನ ಕಷ್ಟ ಹೇಳಿಕೊಂಡೆ.

"ಅರೆ, ಇದೇನು ಮಹಾ!" ಎಂದರು ಅವರು. "ನೀವೇ ಒಂದು ನಾಯಿ ಸಾಕ್ರಿ. ನಿಮ್ಮ ಸಂಗಾಟ ನಾಯಿ ಬಂತಂದ್ರ, ಹಳ್ಳಿ ನಾಯಿಗೋಳು ಅದರ ಕೂಡ ಮಾತಾಡ್ತಾವ, ನಿಮ್ಮನ್ನ ಮರೀತಾವ."

ಮಾತು ಹೇಳಿದ್ದಷ್ಟೇ ಅಲ್ಲ, ಮರುದಿನ ಎಲ್ಲಿಂದಲೋ ಒಂದು ಮರಿಯನ್ನೂ ತಂದುಕೊಟ್ಟರು. ಕಂದು ಬಣ್ಣ, ಮಡಿಚಿದ ಕಿವಿ, ಅಂಗೈಯಷ್ಟು ಮುಖ. ಅಷ್ಟು ಸಣ್ಣದಕ್ಕೆ ನಾನು ಹೆದರಲಿಲ್ಲ ಎಂದು ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ನನ್ನ ಹೆಂಡತಿ ನೀಲಮ್ಮ ಅದಕ್ಕೆ ಹಾಲು ಹಾಕಿ, "ಸಣ್ಯಾ" ಎಂದು ಹೆಸರಿಟ್ಟಳು.

ಮರಿ ತುಸು ಬೆಳೆದ ಮೇಲೆ ಹಗ್ಗ ಕಟ್ಟಿ ಹಳ್ಳಿಗಳಿಗೆ ಕರೆದೊಯ್ಯಲು ಶುರು ಮಾಡಿದೆ. ಜಮಾದಾರರು ಹೇಳಿದಂತೆಯೇ ಆಯಿತು. ಹಳ್ಳಿಯ ನಾಯಿಗಳು ಸಣ್ಯಾನ ಕೂಡ ಮಾತನಾಡಲು ಬಂದವು. ಒಂದಲ್ಲ, ಐದು ಬಂದವು! ಸಣ್ಯಾ ಮಾತಿಗೆ ನಿಲ್ಲದೆ ನನ್ನ ಕಾಲುಗಳ ನಡುವೆ ನುಗ್ಗಿ ಸುತ್ತು ಹಾಕಿತು. ಹಗ್ಗ ನನ್ನ ಮೊಣಕಾಲಿಗೆ ಮೂರು ಸುತ್ತು ಬಿಗಿಯಿತು. ಮೊದಲಾದರೆ ನಾಯಿ ಬಂದಾಗ ಓಡಬಹುದಿತ್ತು. ಈಗ ಆ ಸೌಕರ್ಯವೂ ಹೋಯಿತು.

"ಹಗ್ಗ ಬಿಚ್ಚಿ ಬಿಡ್ರಿ," ಎಂದಳು ನೀಲಮ್ಮ. "ಅದರ ಪಾಡಿಗೆ ಅದು ಬರ್ತದ."

"ಬಿಟ್ರ ಓಡಿಹೋದ್ರ?"

"ಎಲ್ಲಿಗಿ ಓಡ್ತದ? ರೊಟ್ಟಿ ಇಲ್ಲೇ ಅದ."

ಹೆಂಗಸರು ಇಂಥ ಗಂಭೀರ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾನು ಶಿಸ್ತಿನಿಂದ ತಾಲೀಮು ಕೊಡುವುದೆಂದು ನಿಶ್ಚಯಿಸಿದೆ. ಜಮಾದಾರರು ಉಸ್ತಾದರಾದರು. ಮೊದಲನೆಯ ವಾರ ಮನೆಯೊಳಗೆ, ಕದ ಹಾಕಿಕೊಂಡು. ನಾನು ಪಡಸಾಲೆಯಲ್ಲಿ ನಿಂತು "ಸಣ್ಯಾ, ಬಾ" ಎಂದು ಕರೆಯುವುದು. ಅದು ಎದ್ದು, ಬಾಲ ಅಲ್ಲಾಡಿಸಿ, ಅಡುಗೆ ಮನೆಗೆ ನೀಲಮ್ಮನ ಹತ್ತಿರ ಹೋಗುವುದು. ಏಳು ದಿನವೂ ಇದರಲ್ಲಿ ಒಂದು ತಪ್ಪೂ ಆಗಲಿಲ್ಲ.

ಎರಡನೆಯ ವಾರ ಬಯಲಿನಲ್ಲಿ, ಉದ್ದ ಹಗ್ಗದ ತಾಲೀಮು. ಮರಿಗೆ ತಾನು ಬಿಡುಗಡೆಯಾಗಿದ್ದೇನೆ ಎಂದು ಅನ್ನಿಸಬೇಕು, ಆದರೆ ತುದಿ ನಮ್ಮ ಕೈಯಲ್ಲಿರಬೇಕು. ಅಷ್ಟು ಉದ್ದದ ಹಗ್ಗ ಮನೆಯಲ್ಲಿ ಇದ್ದದ್ದು ಒಂದೇ, ಬಾವಿಯಿಂದ ನೀರು ಸೇದುವ ಹಗ್ಗ. ಅದನ್ನು ಬಿಚ್ಚಿಕೊಂಡು ಜೋಳದ ಕಣಕ್ಕೆ ಹೋದೆವು. ಜಮಾದಾರರು ನಡುವೆ ನಿಂತು ಎದೆ ಸೆಟೆಸಿ, "ಈಗ ಕರೀರಿ!" ಎಂದರು. ಕರೆದೆ. ಸಣ್ಯಾ ನಿಜವಾಗಿಯೂ ಬಂತು! ನೆಟ್ಟಗೆ ಬರುವ ಬದಲು ಜಮಾದಾರರನ್ನು ಎರಡು ಸುತ್ತು ಹಾಕಿಕೊಂಡು ಬಂತು. ನಾನು ಸಂತೋಷದಿಂದ ಹಗ್ಗ ಎಳೆದೆ. ಸರಕಾರಕ್ಕೆ ಮೂವತ್ತು ವರ್ಷ ಸೇವೆ ಸಲ್ಲಿಸಿದ ಜಮಾದಾರರು ಹೊಟ್ಟಿನ ರಾಶಿಯೊಳಗೆ ತಲೆಕೆಳಗಾಗಿ ಹೋದರು.

ಅವರು ಗಡ್ಡದಿಂದ ಹೊಟ್ಟು ತೆಗೆಯುತ್ತ ಹೇಳಿದರು: "ಮರೀಗಿ ಹಿಮ್ಮತ್ ಬಂದದ. ಇನ್ನ ನಿಮಗ ಬರಬೇಕು. ನಾಳಿಗಿ ಬಿಚ್ಚಿಬಿಡ್ರಿ. ನಾ ಮಾತ್ರ ಬರಂಗಿಲ್ಲ."

ಮನೆಗೆ ಬಂದರೆ ನೀಲಮ್ಮ ಖಾಲಿ ಕೊಡ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ನಾಯೀಗಿ ಸಾಲಿ ಕಲಸೋದು ಮುಗದಿದ್ರ ನನ್ನ ಹಗ್ಗ ಕೊಡ್ರಿ," ಎಂದಳು. ಅಂದು ನಮ್ಮ ಮನೆಯಲ್ಲಿ ಅಡುಗೆ ತಡವಾಯಿತು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಮರುದಿನ ಗೂಗಲ್‌ನ ಪಾಳಿ. ಚೀಲದಲ್ಲಿ ದ್ಯಾವಮ್ಮನ ಮಗನ ಕಾಗದ ಇತ್ತು. ಊರು ಇನ್ನೂ ತುಸು ದೂರ ಇರುವಾಗ, ನದಿಯ ದಡದ ಬೇವಿನ ಮರದ ಕೆಳಗೆ ನಿಂತೆ. ಉಸಿರು ಎಳೆದುಕೊಂಡೆ. ಹಗ್ಗ ಬಿಚ್ಚಿದೆ.

ಸಣ್ಯಾ ಕುಳಿತೇ ಇತ್ತು. ನಾನು ಹತ್ತು ಹೆಜ್ಜೆ ನಡೆದೆ. ಅದೂ ಹಿಂದೆಯೇ ಬಂತು. ತಿರುಗಿ ಮರದ ಕಡೆ ಬಂದೆ. ಅದೂ ತಿರುಗಿತು. "ಸಣ್ಯಾ" ಎಂದರೆ ಮುಖ ಎತ್ತಿ ನೋಡಿತು. ಆಹಾ! ಇಡೀ ತಾಲ್ಲೂಕಿನಲ್ಲಿ ನನ್ನಂಥ ಉಸ್ತಾದ ಇನ್ನೊಬ್ಬನಿಲ್ಲ ಎನ್ನಿಸಿತು. ಈ ಹೆಮ್ಮೆಯಲ್ಲಿ ಚೀಲವನ್ನು ಮರದ ಬುಡದಲ್ಲಿಟ್ಟು, ಮುಖ ತೊಳೆಯಲು ನೀರಿಗಿಳಿದೆ. ಎರಡು ಬೊಗಸೆ ನೀರು ಹಾಕಿಕೊಂಡು ಹಿಂತಿರುಗಿ ನೋಡಿದರೆ ಸಣ್ಯಾ ಇಲ್ಲ!

"ಸಣ್ಯಾ! ಏ ಸಣ್ಯಾ!" ಎಂದು ಕೂಗಿದೆ.

ನದಿಯಲ್ಲಿ ಎತ್ತು ತೊಳೆಯುತ್ತಿದ್ದ ಒಬ್ಬ ಯುವಕ, "ಏನ್ರೀ, ಕರದ್ರಿ?" ಎಂದ. ಬಟ್ಟೆ ಒಗೆಯುತ್ತಿದ್ದ ಇನ್ನೊಬ್ಬ, "ನನಗ ಕಾಗದ ಬಂದದೇನ್ರೀ?" ಎನ್ನುತ್ತ ಕೈ ಒರೆಸಿಕೊಂಡು ಬಂದ. ಕಲ್ಲಿನ ಮೇಲೆ ಕುಳಿತಿದ್ದ ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು, "ಸಣ್ಯಾ ಅಂತ ನಮ್ಮವ್ವ ಒಬ್ಬಾಕೀನೇ ಕರೀತಿದ್ಳು. ಆಕಿ ಹೋಗಿ ಭಾಳ ವರ್ಷ ಆತು. ನೀ ಯಾರಪಾ?" ಎಂದು ಕೇಳಿದ.

"ನಿಮ್ಮನ್ನಲ್ರೀ!" ಎಂದೆ ನಾನು. "ನನ್ನ ಮರಿ ಕಳದದ. ಕೆಂದ ಮರಿ. ಯಾರರೆ ನೋಡೀರೇನು?"

"ಕೆಂದ ಮರಿ? ಈಗರೆ ಹರಿಗೋಲಿನಾಗ ಹೋತಲ್ರೀ!" ಎಂದ ಎತ್ತು ತೊಳೆಯುವವ. "ಕಂಬಳಿ ಹೊತ್ತವ ಒಬ್ಬ ಬಗಲಾಗ ಹಿಡಕೊಂಡು ಹೊಂಟಿದ್ದ."

ನೋಡಿದರೆ ಹರಿಗೋಲು ಆಗಲೇ ನಡುನೀರಿನಲ್ಲಿತ್ತು. ಹಾಡಹಗಲೇ ಕಳವು! ದಡದಲ್ಲಿ ಇನ್ನೊಂದು ಹರಿಗೋಲು ಹೊರಡುತ್ತಿತ್ತು. ಅಂಬಿಗ, "ತುಂಬೇದ, ಹತ್ತಬ್ಯಾಡ್ರಿ" ಎಂದು ಕೈ ಅಡ್ಡ ಮಾಡಿದ. "ಸರಕಾರಿ ಕೆಲಸ ಅದ!" ಎಂದು ಗುಡುಗಿ ನಾನು ಒಳಗೆ ಹಾರಿದೆ. ಹರಿಗೋಲು ಬುಗುರಿಯಂತೆ ಮೂರು ಸುತ್ತು ತಿರುಗಿತು. ನಾನು ಎದ್ದು ನಿಂತು ಮುಂದಿನವರನ್ನು ಕೂಗತೊಡಗಿದೆ.

"ಕುಂದರ್ರಿ ಸಾಹೇಬ್ರ!" ಎಂದು ಅಂಬಿಗ ಚೀರಿದ. "ನೀವು ನಿಂತ್ರ ನಾವೆಲ್ಲಾ ಮುಳುಗ್ತೀವಿ."

ಕುಳಿತೆ. ಕೆಳಗೆ ಏನೋ ಪಚಕ್ ಎಂದಿತು. "ಯಪ್ಪಾ," ಎಂದಳು ಪಕ್ಕದ ಹೆಂಗಸು ಬೇಸರದಿಂದ, "ಅದು ಬದನಿಕಾಯಿ ಬುಟ್ಟಿ. ಕುಂದ್ರೋದು ಅಲ್ಲ."

ಆಚೆ ದಡ ಮುಟ್ಟಿದ ಕೂಡಲೆ ಓಡಿಹೋಗಿ ಕಂಬಳಿಯವನನ್ನು ತಡೆದೆ. ಅವನ ಬಗಲಲ್ಲಿ, ಕಂಬಳಿಯ ಕೆಳಗೆ, ಏನೋ ಅಲುಗುತ್ತಿತ್ತು. ಕೋಟಿನ ಗುಂಡಿ ಹಾಕಿಕೊಂಡು, ಕಚೇರಿಯ ಧ್ವನಿಯಲ್ಲಿ ಹೇಳಿದೆ: "ಆ ಮರಿ ಕೊಡು. ಅದು ಟಪಾಲಿನ ಮರಿ."

ಅವನು ಕಕ್ಕಾಬಿಕ್ಕಿಯಾದ. "ಇದು ನಮ್ಮ ಮರಿ ಅದ್ರಿ. ನಮ್ಮ ಮನ್ಯಾಗ ಹುಟ್ಟಿದ್ದು. ಹುಟ್ಟೋ ಮುಂದ ನಾನೇ ಹಿಡದು ಹೊರಗ ತಗದೀನಿ."

"ಸುಳ್ಳು ಹೇಳಬ್ಯಾಡ. ನಾ ಹೆಸರು ಹಿಡದು ಕರೀತೀನಿ. ಅದು ಓಗೊಟ್ಟರ ನಂದು, ಇಲ್ಲಾಂದ್ರ ನಿಂದು."

"ಆಗಲ್ರಿ," ಎಂದ ಅವನು.

ಸುತ್ತ ಜನ ನಿಂತಿದ್ದರು. "ಸಣ್ಯಾ!" ಎಂದೆ.

ಕಂಬಳಿ ಸರಿಯಿತು. ಒಳಗಿನಿಂದ ಒಂದು ಕೆಂಪು ಮುಖ ಹೊರಗೆ ಬಂದು, ನನ್ನನ್ನು ನೋಡಿ, "ಬ್ಯಾ" ಎಂದಿತು.

ಕುರಿಮರಿ!

ಆ ದಡದಲ್ಲಿ ನಕ್ಕದ್ದು ಈ ದಡಕ್ಕೆ ಕೇಳಿಸಿತಂತೆ. ಕಂಬಳಿಯವನೊಬ್ಬ ಮಾತ್ರ ನಗಲಿಲ್ಲ. ಮರಿಯನ್ನು ಎದೆಗೆ ಅವಚಿಕೊಂಡು, "ಟಪಾಲಿನವರು ಈಗ ಕುರಿಮರೀನೂ ಒಯ್ತಾರೇನ್ರೀ?" ಎಂದು ಬಹಳ ಚಿಂತೆಯಿಂದ ಕೇಳಿದ.

ಉತ್ತರ ಕೊಡುವ ಮೊದಲು ಚೀಲ ಸರಿಮಾಡಿಕೊಳ್ಳಲು ಹೆಗಲಿಗೆ ಕೈ ಹಾಕಿದೆ. ಹೆಗಲು ಹಗುರವಾಗಿತ್ತು. ಚೀಲ! ಸರಕಾರದ ಚೀಲ, ಅದರಲ್ಲಿ ಪಲ್ಟನ್ನಿನ ಕಾಗದ, ಎಲ್ಲವೂ ಬೇವಿನ ಮರದ ಕೆಳಗೆ! ಮಾಸ್ತರರು ದೇವದುರ್ಗಕ್ಕೆ ಬರೆಯುವ ಕಾಗದದ ಮೊದಲ ಸಾಲು ಕಣ್ಣ ಮುಂದೆ ಬಂತು. ಅದನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಬೇಕಾದವನೂ ನಾನೇ.

"ಈಗಲೇ ನಡಿ," ಎಂದು ಅಂಬಿಗನ ಕೈ ಹಿಡಿದೆ.

"ಮಂದಿ ತುಂಬಲ್ರಿ," ಎಂದು ಅವನು ಬೀಡಿ ಹಚ್ಚಿದ.

ಅಂದು ಆಚೆ ದಡದ ಊರಿನಲ್ಲಿ ಸಂತೆ; ಸಂತೆಗೆ ಹೋಗುವವರೇ ಹೊರತು ನದಿ ದಾಟಿ ಹಿಂತಿರುಗುವವರು ಯಾರೂ ಇರಲಿಲ್ಲ. ನಾನು ದಡದಲ್ಲಿ ಕುಳಿತು ದಾರಿಹೋಕರನ್ನೆಲ್ಲ, "ಗೂಗಲ್‌ಗೆ ಬರ್ರಿ, ಗುಡಿ ಭಾಳ ಛಂದ ಅದ" ಎಂದು ಕರೆದೆ. ಸೂರ್ಯ ನೆತ್ತಿಗೆ ಬಂದಾಗ ಹರಿಗೋಲು ತುಂಬಿತು.

ಬೇವಿನ ಮರದ ಕೆಳಗೆ ಚೀಲವೂ ಇರಲಿಲ್ಲ, ಸಣ್ಯಾನೂ ಇರಲಿಲ್ಲ. ಕಲ್ಲಿನ ಮೇಲೆ ಇನ್ನೂ ಕುಳಿತಿದ್ದ ಆ ಮುದುಕ, "ದ್ಯಾವಮ್ಮನ ಮನೀಗಿ ಹೋಗಪಾ. ಎಲ್ಲಾ ಅಲ್ಲೇ ಅದ" ಎಂದ.

ಓಡಿದೆ. ದ್ಯಾವಮ್ಮನ ಮನೆಯ ಕಟ್ಟೆಯ ಮೇಲೆ ಹತ್ತಾರು ಜನ ಕುಳಿತಿದ್ದರು. ಗೋಡೆಯ ಗೂಟಕ್ಕೆ ನನ್ನ ಚೀಲ ತೂಗುಬಿದ್ದಿತ್ತು. ಅದರ ಕೆಳಗೆ ಕೆಂಚ ಮಲಗಿತ್ತು. ಕೆಂಚನ ಹೊಟ್ಟೆಗೆ ಆತುಕೊಂಡು ಸಣ್ಯಾ ಮಲಗಿತ್ತು! ಮುಂದೆ ಅರ್ಧ ತಿಂದ ರೊಟ್ಟಿ.

ನಡೆದದ್ದು ಇಷ್ಟು. ಸಣ್ಯಾ ಎಲ್ಲಿಗೂ ಓಡಿರಲಿಲ್ಲ. ಮರದ ಆಚೆ ಬದಿಯ ನೆರಳಿನಲ್ಲಿ, ಚೀಲದ ಮಗ್ಗುಲಿಗೆ ಮಲಗಿತ್ತು. ನಾನು ಹರಿಗೋಲು ಹಾರಿದ ಮೇಲೂ ಚೀಲ ಬಿಟ್ಟು ಕದಲಿರಲಿಲ್ಲ. ನೀರಿಗೆ ಬಂದ ದ್ಯಾವಮ್ಮ ಇದನ್ನು ನೋಡಿ, ಚೀಲವನ್ನು ಮನೆಗೆ ತಂದಿದ್ದಳು. ಮರಿ ಚೀಲದ ಹಿಂದೆಯೇ ನಡೆದುಬಂದಿತ್ತು. ಗುಡಿಯ ಪೂಜಾರಿ ವಿಳಾಸ ಓದಿ ಹೇಳಿದ್ದ. ಒಬ್ಬೊಬ್ಬರನ್ನೇ ಕರೆದು ಅವರವರ ಕಾಗದ ಅವರವರ ಕೈಯಲ್ಲಿ ಕೊಟ್ಟಿದ್ದರು. ನಾನು ನೌಕರಿಗೆ ಸೇರಿದ ಮೇಲೆ ಗೂಗಲ್‌ನಲ್ಲಿ ಟಪಾಲು ಕಾಯದೆಯ ಪ್ರಕಾರ ಹಂಚಿಕೆಯಾದದ್ದು ಅದೇ ಮೊದಲು!

ಒಂದು ಕಾಗದ ಮಾತ್ರ ದ್ಯಾವಮ್ಮನ ಕೈಯಲ್ಲಿ ಇನ್ನೂ ಒಡೆಯದೆ ಇತ್ತು.

"ಪೂಜಾರಪ್ಪ ಓದ್ತೀನಿ ಅಂದ. ನಾ ಕೊಡಲಿಲ್ಲ," ಎಂದಳು ಆಕೆ. "ನನ್ನ ಮಗಂದು ಮೊದಲ ನನ್ನ ಕಿವೀಗಿ ಬೀಳ್ಲಿ ಅಂತ ನಿನ್ನ ದಾರಿ ಕಾದೀನಿ. ಒಳಗ ಬಾ, ಓದು."

ಒಳಗೆ ಬಾ ಎಂದರೆ ಕೆಂಚನನ್ನು ದಾಟಬೇಕು. ಅದು ಒಂದು ಕಣ್ಣು ತೆರೆದು ಗುರ್ ಎಂದಿತು. ಸಣ್ಯಾ ಎದ್ದು, ಮೈ ಮುರಿದು, ನನ್ನ ಹತ್ತಿರ ಬಂದು, ಮುಂದೆ ಮುಂದೆ ನಡೆಯಿತು. ಅದರ ಹಿಂದೆ ನಾನು, ಉಸಿರು ಬಿಗಿಹಿಡಿದು. ಕೆಂಚ ಕಣ್ಣು ಮುಚ್ಚಿತು.

ಅಡುಗೆ ಒಲೆಯ ಹತ್ತಿರ ಕುಳಿತು, ಹೊರಗಿನವರಿಗೆ ಕೇಳದಂತೆ ಮೆಲ್ಲಗೆ ಓದಿದೆ. ಮಗ ಆರಾಮವಾಗಿದ್ದ. ಮುಂಗಾರಿನ ಹೊತ್ತಿಗೆ ರಜೆ ಸಿಗಬಹುದು ಎಂದು ಬರೆದಿದ್ದ. ದ್ಯಾವಮ್ಮ ಆ ಸಾಲನ್ನು ನಾಲ್ಕು ಸಲ ಓದಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ನಾ ಹೇಳ್ತೀನಿ, ಬರಿ," ಎಂದಳು.

ನಾನು ಮಸಿಯ ದೌತಿ ತೆಗೆದು, ಹೊಸ ಕಾಗದ ಮಡಿಚಿಕೊಂಡು ಕುಳಿತೆ. ಎಮ್ಮೆ ಈದ ಸುದ್ದಿ, ಸೋರುವ ಮಾಳಿಗೆಯ ಸುದ್ದಿ, ಸೋದರಮಾವನ ಕಾಲುನೋವು, ಎಲ್ಲ ಬರೆದಾಯಿತು.

"ಇನ್ನ ಇದೂ ಬರಿ," ಎಂದು ಆಕೆ ನಿಧಾನವಾಗಿ, ಒಂದೊಂದೇ ಮಾತನ್ನು ತೂಗಿ ಹೇಳಿದಳು. "ಮಗನ, ನಿನ್ನ ಕಾಗದಕ್ಕ ಇನ್ನ ಚಿಂತಿ ಇಲ್ಲ. ಟಪಾಲಿನವ ಒಂದು ನಾಯಿ ಸಾಕ್ಯಾನ. ನಾಯಿ ಭಾಳ ಶಾಣ್ಯಾ ಅದ. ಹಗ್ಗ ಬಿಚ್ಚಿದ್ರೂ ಎಲ್ಲೂ ಹೋಗಂಗಿಲ್ಲ. ಆ ಟಪಾಲಿನವನೇ ತುಸು ಓಡ್ಯಾಡ್ತಾನ. ಅವಗ ಇನ್ನೂ ರೂಢಿ ಆಗಬೇಕು... ಬರದೀಯೇನಪಾ?"

"ಬರದೀನಿ, ಯವ್ವಾ."

"ಓದಿ ತೋರಸು."

ಓದಿದೆ. ಹೊರಗೆ ಕಟ್ಟೆಯ ಮೇಲಿದ್ದವರಿಗೆ ಈ ಸಲ ಅದು ಹೇಗೋ ಕೇಳಿಸಿತು.

ಕಾಗದದ ಕೊನೆಯಲ್ಲಿ, ಇದನ್ನು ಬರೆದುಕೊಟ್ಟವರು ಇಂಥವರು ಎಂದು ಹೆಸರು ಹಾಕುವುದು ಆಗಿನ ಪದ್ಧತಿ. ಹಾಕಿದೆ.