ರೆಪ್ಪೆ ಎಳೆಯುವ ಮಾವ

ನಮ್ಮ ಸೋದರಮಾವನ ಕೈಗೆ ಸಿಕ್ಕು ಕಣ್ಣಿನ ರೆಪ್ಪೆ ಎಳೆಸಿಕೊಳ್ಳದವರು ಕುಂದಗೋಳ ಸೀಮೆಯಲ್ಲಿ ಯಾರಾದರೂ ಇದ್ದರೆ, ಅವರು ಇನ್ನೂ ಹುಟ್ಟಿಲ್ಲವೆಂದೇ ತಿಳಿಯಿರಿ! ಎಂಬತ್ತರ ದಶಕದ ಮಾತು ಇದು. ಮಾವ ಕುರಿ ಸಾಕುವವನು, ಕೂತಲ್ಲಿ ಕೂರದವನು. ಕುರಿಯ ಕೆಳರೆಪ್ಪೆ ಎಳೆದು ನೋಡುತ್ತಿದ್ದ. ಒಳಗೆ ಕೆಂಪಿದ್ದರೆ ಸರಿ, ಬಿಳಚಿಕೊಂಡಿದ್ದರೆ ಹೊಟ್ಟೆಯಲ್ಲಿ ಜಂತು ರಕ್ತ ಹೀರುತ್ತಿದೆ ಎಂದೇ ಅರ್ಥ. ಆದರೆ ಕೈಯ ಚಾಳಿ ಕುರಿ ಯಾವುದು, ಮನುಷ್ಯ ಯಾರು ಎಂದು ನೋಡುತ್ತದೆಯೇ? ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಕೊಡಲು ಬಗ್ಗಿದ ಕಂಡಕ್ಟರನ ರೆಪ್ಪೆಯನ್ನೇ ಎಳೆದುಬಿಟ್ಟ. ಉಳಿದ ದಾರಿಯನ್ನು ನಾವಿಬ್ಬರೂ ನಡೆದೇ ಮುಗಿಸಿದೆವು.

ಗುಡಗೇರಿ ಸಂತೆಯಲ್ಲಿ ಟಗರು ಕೊಳ್ಳುವ ರೀತಿಯಂತೂ ಇನ್ನೂ ಚೆಂದ. ಉಳಿದವರು ಟಗರಿನ ಹಲ್ಲು ನೋಡಿದರೆ ಈತ ಕೇಳುವುದು, “ಇದರ ಅವ್ವ ಎಲ್ಲೈತಿ?”

“ನಿನಗ ಟಗರ ಬೇಕೋ, ಅದರ ಅವ್ವ ಬೇಕೋ?” ಮಾರುವವ ರೇಗಿದ.

“ಒಂದ ಹುಲ್ಲ ಮೇಯ್ತಾವ, ಜಂತು ಎಲ್ಲಾದರ ಹೊಟ್ಟ್ಯಾಗೂ ಹೊಕ್ಕಾವ. ಕೆಲವು ತಡಕೋತಾವ, ಕೆಲವು ಸಾಯ್ತಾವ. ಆ ತಾಕತ್ತು ವಂಶದಾಗ ಬರ್ತೈತಿ ಲೇ! ಅವ್ವನ್ನ ನೋಡಲಾರದ ಹೆಂಗ ತಗೊಳ್ಳೂದು?”

ಅವ್ವ ಶಲವಡಿಯಲ್ಲಿದೆ ಎಂದು ತಿಳಿದದ್ದೇ ತಡ, ಹೊರಟೇಬಿಟ್ಟ! ಅದರ ರೆಪ್ಪೆ ನೋಡಿ, ಒಪ್ಪಿ, ವಾಪಸು ಬರುವಷ್ಟರಲ್ಲಿ ಟಗರು ಯಾರದೋ ಮನೆಯಲ್ಲಿ ಸಾರಾಗಿತ್ತು.

ಇಂಥವನನ್ನು, ಗಂಡಿನವರು ನನ್ನನ್ನು ನೋಡಲು ಬರುವ ದಿನ ಎಲ್ಲಿ ಬಚ್ಚಿಡುವುದು? ನನ್ನನ್ನು ಹೆತ್ತಾಗಲೇ ಅವ್ವ ತೀರಿಕೊಂಡಿದ್ದಳು, ಸಾಕಿದವನು ಮಾವನೇ. ಹುಡುಗ ನನಗೆ ಮೊದಲೇ ಮೆಚ್ಚಿಗೆಯಾಗಿದ್ದ. ಸಂಬಂಧ ತಪ್ಪಿಹೋದೀತೆಂದು ಬೆಳಗಿನಿಂದ ನನಗೆ ಒಳಗೂ ಹೊರಗೂ ನಿಲ್ಲಲಾಗುತ್ತಿರಲಿಲ್ಲ.

“ಇವತ್ತೊಂದಿನ ಕೈ ಕಟಗೊಂಡ ಕೂಡು, ಮಾವಾ.”

“ಕೂಡ್ತೀನಿ ಬೇ.”

ಉಪ್ಪಿಟ್ಟಿನ ತಾಟು ಬರುವವರೆಗೆ ಕೂತ. ಆಮೇಲೆ ಎದ್ದ. ಎಳೆದದ್ದು ಗಂಡಿನ ರೆಪ್ಪೆಯನ್ನಲ್ಲ, ಎಲ್ಲರೆದುರು ನನ್ನದನ್ನು!

“ಬೆಳ್ಳಗೈತಿ. ಜಂತಿನ ಔಷಧ, ರಕ್ತದ ಗುಳಿಗಿ ಕೊಡಸ್ತೀನ್ರಿ. ಕೆಂಪಾದ ಮ್ಯಾಲನ ಮದಿವಿ. ಕಾಯೂದಿದ್ರ ಕಾಯ್ರಿ.”

ಗಂಡಿನ ತಾಯಿ ತಾಟು ಕೆಳಗಿಟ್ಟರು. ನನ್ನ ಸಿಟ್ಟು ನೆತ್ತಿಗೇರಿತು. “ನಾನೇನ ಕುರೀನಾ?”

ಮಾವ ಕೈ ಹಿಂದಕ್ಕೆಳೆದುಕೊಂಡ.

“ನಿಮ್ಮವ್ವ ನನ್ನ ಜೋಡಿ ಒಂದ ಗಂಗಾಳದಾಗ ಉಂಡಾಕಿ. ನನಗೇನೂ ಆಗ್ಲಿಲ್ಲ, ಅಕಿ ಬಿಳಚಕೊಂತ ಹೋದ್ಲು. ಬಸರಿ, ಅದಕ್ಕ ಹಂಗ ಅಂದ್ರು ಎಲ್ಲಾರೂ. ದಿನಾ ಕುರಿ ಕಣ್ಣ ನೋಡಾಂವಗ, ಅಕ್ಕನ ಕಣ್ಣ ನೋಡಬೇಕಂತ ಹೊಳೀಲಿಲ್ಲವ್ವಾ. ನೀ ಅಕಿ ಮಗಳು.”

ಗಂಡಿನ ತಾಯಿ “ಕಾಯ್ತೀವ್ರಿ” ಎಂದರಂತೆ. ನನಗೆ ಕೇಳಲೇ ಇಲ್ಲ. ಅವ್ವನನ್ನು ಕಳೆದುಕೊಂಡವಳು ನಾನೊಬ್ಬಳೇ ಎಂದು ಅಷ್ಟು ವರ್ಷ ತಿಳಿದಿದ್ದೆನಲ್ಲ, ಮಾವನ ಕೈ ಹಿಡಿದು ಅಳುತ್ತಿದ್ದೆ.